ಹೆಬ್ಬಾರರ ಗೆರೆ

ಅಮೂರ್ತ ಚಿತ್ರವೆಂದರೆ ಚಿತ್ರ ಬರೆಯಲು ಬಾರದವರ ಆಶ್ರಯವೆಂಬ ಮಾತು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಆಗಾಗ ಕೇಳಿಬರುತ್ತದೆ. ಅಂಥ ಚಿತ್ರವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳುವವರು ವಿರಳ. ಆ ಪ್ರಶ್ನೆಗೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಬಾಳಿಗಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು 1938ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಅಲ್ಲಿಯೇ ಅಧ್ಯಾಪಕರೂ ಆದರು. ಕಂಡದ್ದನ್ನು ಕಂಡಂತೆ ಬರೆಯುವ ವಿದ್ಯೆ ಅವರಿಗೆ ಕೈವಶವಾಗಿತ್ತು. ಮನಸ್ಸಿಗೆ ಮಾತ್ರ ಅದು ಸಾಲಲಿಲ್ಲ. ಅಜಂತೆಯ ಭಿತ್ತಿಚಿತ್ರಗಳತ್ತ, ಜೈನ ಹಸ್ತಪ್ರತಿಗಳ ಕಿರುಚಿತ್ರಗಳತ್ತ ತಿರುಗಿದರು. 1949ರಲ್ಲಿ ಪ್ಯಾರಿಸ್ಸಿಗೂ ಹೋದರು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ತೋರುವ ಸಂಗತಿ ಬೇರೆ: ಗೆರೆಗೆ ಲಯ ಬರಬೇಕೆಂದು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯ ಕಲಿತರು. ಚಿತ್ರಗಾರನೊಬ್ಬ ಗೆಜ್ಜೆ ಕಟ್ಟುವುದೆಂದರೆ! ಅದರ ಫಲವನ್ನು 1964ರಲ್ಲಿ ಹೊರಬಂದ ‘ದಿ ಸಿಂಗಿಂಗ್ ಲೈನ್’ ಎಂಬ ರೇಖಾಸಂಪುಟದಲ್ಲಿ ನೋಡಬೇಕು. ಮೈಯ ವಿವರಗಳು ಉದುರಿ, ಕೆಲವೇ ಗೆರೆಗಳಲ್ಲಿ ಚಲನೆಯಷ್ಟೇ ಉಳಿದಿದೆ.

ನಮ್ಮ ಸೀಮೆಯವರಿಗೆ ಇದು ತೀರ ಹೊಸದಾಗಿ ತೋರಬಾರದು. ಅರಸೀಕೆರೆಯ ಈಶ್ವರ ದೇಗುಲದ ನಕ್ಷತ್ರಾಕಾರದ ಮಂಟಪದಲ್ಲಿ ಮೂರ್ತಿಗಿಂತ ಮೊದಲು ಮನಸೆಳೆಯುವುದು ಮಡಿಮಡಿಯಾಗಿ ಸಾಗುವ ಕೋನಗಳು. ಬೇಲೂರಿನಲ್ಲಿ ಎಲ್ಲರೂ ದರ್ಪಣಸುಂದರಿಯ ಮುಂದೆ ನಿಲ್ಲುತ್ತಾರೆ; ತಿರುಗಿಸಿ ಕಡೆದ ಕಂಬಗಳ ಮುಂದೆ ನಿಲ್ಲುವವರು ಕಡಮೆ. ಆ ನುಣುಪಿನಲ್ಲಿ ದೇವರಿಲ್ಲ, ಕಥೆಯಿಲ್ಲ. ಉಬ್ಬುತಗ್ಗುಗಳ ಮೇಲೆ ಬೆಳಕುನೆರಳು ಸುತ್ತಿ ಬರುವುದೊಂದೇ. ಹಳೇಬೀಡಿನ ಗೋಡೆಯ ಬುಡದ ಆನೆಸಾಲನ್ನು ಒಮ್ಮೆ ಇದ್ದಂತೆಯೇ ಬರೆಯಿರಿ. ಎರಡನೆಯ ಹಾಳೆಯಲ್ಲಿ ಅಲಂಕಾರ, ದಂತ, ಕಣ್ಣುಗಳನ್ನು ಬಿಡಿ. ಮೂರನೆಯದರಲ್ಲಿ ಆನೆಯನ್ನೇ ಬಿಟ್ಟು, ಬೆನ್ನಿನ ಬಾಗೂ ಸೊಂಡಿಲಿನ ಇಳಿತವೂ ಮತ್ತೆ ಮತ್ತೆ ಬರುವ ಓಟವನ್ನು ಮಾತ್ರ ಹಿಡಿಯಿರಿ. ಮೊದಲ ಹಾಳೆಯನ್ನು ಹಾರಿಸಿದವನ ಮೂರನೆಯ ಹಾಳೆ ಬರಿಯ ಗೀಚಾದೀತು.

ಹೆಬ್ಬಾರರೂ ಹೀಗೆ ಮೆಲ್ಲಮೆಲ್ಲನೆ ಬಿಡುತ್ತ ಹೋದವರು. ಹಳ್ಳಿಯ ಜನ, ಅವರ ದುಡಿಮೆ, ಹಬ್ಬಗಳ ಚಿತ್ರಗಳಿಂದ ಹೆಸರಾಗಿದ್ದ ಅವರಿಗೆ 1961ರಲ್ಲಿ ಪದ್ಮಶ್ರೀಯೂ ಬಂದಿತ್ತು. ಜನ ಮೆಚ್ಚಿದ್ದನ್ನೇ ಬರೆಯುತ್ತ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಮುಂದಿನ ಚಿತ್ರಗಳಲ್ಲಿ ಆಕೃತಿ ಕರಗಿ, ಬಣ್ಣದ ಪದರುಗಳೇ ಮಾತಾಡತೊಡಗಿದವು. ಹಾಗೆಂದು ರೂಪವನ್ನು ಅವರು ಪೂರ್ತಿಯಾಗಿ ತೊರೆಯಲಿಲ್ಲ. ಇದನ್ನು ಅಳುಕೆಂದರೆ ನಾನು ಒಪ್ಪಲಾರೆ.

1996ರಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳಿಗೆಂದೇ ಒಂದು ಗ್ಯಾಲರಿಯಿದೆ. ಅರಸೀಕೆರೆಯಲ್ಲಿ ಬೆಳಗಿನ ರೈಲು ಹಿಡಿದು ಹೋದವರು ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರಬಹುದು.