ಒಂದು ಅಂಕದ ರಾಮನ್, ಒಂದು ಬೆಣಚುಕಲ್ಲು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಸರ್ ಸಿ.ವಿ. ರಾಮನ್ ಎಂದರೆ ಒಂದು ಅಂಕದ ಪ್ರಶ್ನೆ. ನೊಬೆಲ್ ಬಂದದ್ದು 1930ರಲ್ಲಿ. ರಾಷ್ಟ್ರೀಯ ವಿಜ್ಞಾನ ದಿನ ಫೆಬ್ರುವರಿ 28. ಭಾರತರತ್ನ 1954. ಇಷ್ಟು ಬಾಯಿಪಾಠವಾದರೆ ಮುಂದಿನ ಪುಟ. ನಾನೂ ಹಾಗೇ ಪುಟ ತಿರುಗಿಸುತ್ತಿದ್ದೆ. ಆ ಉತ್ತರದ ಹಿಂದಿನ ಮನುಷ್ಯನನ್ನು ಹುಡುಕುವಂತೆ ಮಾಡಿದ್ದು ನಮ್ಮೂರಿನ ಬೆಣಚುಕಲ್ಲು.

ನಮ್ಮದು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ಹೊಲದ ಬದುವಿನಲ್ಲಿ ಬೆಳ್ಳನೆಯ ಬೆಣಚುಕಲ್ಲು ಸಿಕ್ಕರೆ, ಕತ್ತಲಲ್ಲಿ ಎರಡನ್ನು ಉಜ್ಜಿ ಮಿಣುಕು ಬೆಳಕು ನೋಡುವುದು ಚಿಕ್ಕಂದಿನ ಆಟ. ಅದು ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಸಿಲಿಕಾ, ಅದಕ್ಕೆ ಕ್ವಾರ್ಟ್ಜ್ ಎಂಬ ಹೆಸರಿದೆ ಎಂದು ಗೊತ್ತಾದದ್ದು ಬಿ.ಎಸ್ಸಿ. ಭೂವಿಜ್ಞಾನದ ತರಗತಿಯಲ್ಲಿ. ಅಲ್ಲೇ ಇನ್ನೊಂದು ವಿಷಯವೂ ತಿಳಿಯಿತು. ಆಕಾಶದಿಂದ ದೊಡ್ಡ ಉಲ್ಕೆಯೊಂದು ನೆಲಕ್ಕೆ ಅಪ್ಪಳಿಸಿದರೆ, ಆ ಕ್ಷಣದ ಒತ್ತಡಕ್ಕೆ ಇದೇ ಬೆಣಚುಕಲ್ಲು ಬೇರೆಯೇ ಖನಿಜವಾಗಿಬಿಡುತ್ತದೆ. ವಾಯುಮಂಡಲದ ಒತ್ತಡದ 20 ಸಾವಿರ ಪಟ್ಟಿಗೂ ಹೆಚ್ಚಾದರೆ ಕೋಸೈಟ್. ಒಂದು ಲಕ್ಷ ಪಟ್ಟಿನ ಹತ್ತಿರ ಹೋದರೆ ಸ್ಟಿಶೋವೈಟ್. ಮೂರೂ ಸಿಲಿಕಾವೇ. ಅಣುಗಳು ಕೂತಿರುವ ರೀತಿ ಮಾತ್ರ ಬೇರೆ. ಬೆಣಚುಕಲ್ಲಿನ ಸಾಂದ್ರತೆ 2.65 ಆದರೆ ಸ್ಟಿಶೋವೈಟಿನದು ಸುಮಾರು 4.3.

ಇವು ಸಿಗುವುದು ದೂಳಿನ ಕಣದಷ್ಟು. ರಾಸಾಯನಿಕ ಪರೀಕ್ಷೆ ಮಾಡಿದರೆ ಮೂರಕ್ಕೂ ಒಂದೇ ಉತ್ತರ. ಹಾಗಾದರೆ ಪೆಟ್ಟು ತಿಂದ ಕಣ ಯಾವುದು, ತಿನ್ನದ ಕಣ ಯಾವುದು ಎಂದು ಹೇಳುವುದು ಹೇಗೆ? ಪ್ರಯೋಗಾಲಯದಲ್ಲಿ ಇವತ್ತು ಅದಕ್ಕೆ ಬಳಸುವ ಮುಖ್ಯ ಉಪಕರಣಗಳಲ್ಲಿ ಒಂದರ ಹೆಸರು ರಾಮನ್ ರೋಹಿತದರ್ಶಕ. ನಮ್ಮ ಒಂದು ಅಂಕದ ರಾಮನ್!

ಅವರ ಜೀವನ ಓದುತ್ತಾ ಹೋದಾಗ ಮೊದಲು ಅಚ್ಚರಿ ಹುಟ್ಟಿಸಿದ್ದು, ಅವರೂ ನಮ್ಮ ಹಾಗೆ ಸರ್ಕಾರಿ ನೌಕರಿಗೆ ಪರೀಕ್ಷೆ ಬರೆದವರು ಎನ್ನುವುದು. 1888ರ ನವೆಂಬರ್ 7ರಂದು ತಿರುಚಿನಾಪಳ್ಳಿ ಬಳಿಯ ತಿರುವಾನೈಕಾವಲಿನಲ್ಲಿ ಹುಟ್ಟಿದ ರಾಮನ್ ಬೆಳೆದದ್ದು ವಿಶಾಖಪಟ್ಟಣದಲ್ಲಿ. ತಂದೆ ಕಾಲೇಜು ಉಪನ್ಯಾಸಕರು. ಹನ್ನೊಂದನೇ ವಯಸ್ಸಿಗೆ ಮೆಟ್ರಿಕ್. 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ., ಭೌತಶಾಸ್ತ್ರದಲ್ಲಿ ಚಿನ್ನದ ಪದಕ. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಗ್ಲೆಂಡಿಗೆ ಹೋಗಿ ಓದಲು ಮಾತ್ರ ಆಗಲಿಲ್ಲ. ಈ ಸಣಕಲು ಹುಡುಗನಿಗೆ ಅಲ್ಲಿನ ಹವೆ ಒಗ್ಗದು ಎಂದು ಮದರಾಸಿನ ಸರ್ಕಾರಿ ವೈದ್ಯರು ತಡೆದುಬಿಟ್ಟರು.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ವಿಜ್ಞಾನವನ್ನೇ ನೆಚ್ಚಿ ಬದುಕುವ ದಾರಿ ಇರಲಿಲ್ಲ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲಿಗರಾದರು. 1907ರಲ್ಲಿ, ಇನ್ನೂ ಹದಿನೆಂಟರ ವಯಸ್ಸಿನಲ್ಲಿ, ಲೋಕಸುಂದರಿಯವರನ್ನು ಮದುವೆಯಾಗಿ ಕಲ್ಕತ್ತೆಗೆ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಹೋದರು. ಒಂದು ದಿನ ಬೌಬಜಾರ್ ರಸ್ತೆಯಲ್ಲಿ ಭಾರತೀಯ ವಿಜ್ಞಾನ ಅಭಿವರ್ಧನ ಸಂಘದ ಫಲಕ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಕಟ್ಟಿದ ಆ ಸಂಸ್ಥೆಯಲ್ಲಿ ಉಪಕರಣಗಳಿದ್ದವು, ಬಳಸುವವರು ಕಡಿಮೆ. ಅಲ್ಲಿಂದ ಮುಂದೆ ಕಚೇರಿಗೆ ಮೊದಲು, ಕಚೇರಿ ಬಿಟ್ಟ ಮೇಲೆ ಅವರ ಬಿಡಾರ ಅಲ್ಲೇ. ಸಹಾಯಕ ಆಶುತೋಷ್ ಡೇ ಜೊತೆಗಿದ್ದರು. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾದರೂ ಮರಳಿ ಕಲ್ಕತ್ತೆಗೇ ಬಂದರು.

ಈ ಎರಡು ದೋಣಿಯ ಪಯಣ ಹತ್ತು ವರ್ಷ ನಡೆಯಿತು. ರಾಮನ್ ನೌಕರಿಯನ್ನು ಒದ್ದು ಬಂದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಹತ್ತು ವರ್ಷ ಲೆಕ್ಕಪತ್ರ ನೋಡುತ್ತಲೇ ಲೇಖನ ಬರೆದದ್ದನ್ನು ಯಾರೂ ಹೇಳುವುದಿಲ್ಲ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಸಂಬಳ ಹಳೆಯ ನೌಕರಿಗಿಂತ ಕಡಿಮೆ. ಭದ್ರವಾದ ಕುರ್ಚಿ ಬಿಟ್ಟು ಅದನ್ನು ಒಪ್ಪಿಕೊಂಡರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಕಾಡಿತು. ಆಕಾಶದ ಪ್ರತಿಬಿಂಬವಷ್ಟೇ ಎಂಬ ವಿವರಣೆಯನ್ನು ಅವರು ಒಪ್ಪಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತದೆ ಎಂದು ತೋರಿಸಲು ಹೊರಟವರು, ಶಿಷ್ಯ ಕೆ.ಎಸ್. ಕೃಷ್ಣನ್ ಅವರೊಂದಿಗೆ 1928ರ ಫೆಬ್ರುವರಿ 28ರಂದು ಬೇರೊಂದು ಗುಟ್ಟು ಕಂಡರು. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಹಾಯಿಸಿದರೆ ಚದುರಿದ ಬೆಳಕು ಬಹುಪಾಲು ಅದೇ ಬಣ್ಣದಲ್ಲಿರುತ್ತದೆ. ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಬಣ್ಣ ಬದಲಿಸುತ್ತದೆ. ವಸ್ತುವಿನೊಳಗೆ ಅಣುಗಳು ಹೇಗೆ ಕಂಪಿಸುತ್ತಿವೆ ಎಂಬ ಸುದ್ದಿಯನ್ನು ಆ ಪಾಲು ಹೊತ್ತು ತರುತ್ತದೆ. ಅವರು ಬಳಸಿದ್ದು ಬಿಸಿಲು, ಬಣ್ಣದ ಗಾಜು, ಶುದ್ಧ ಮಾಡಿದ ದ್ರವಗಳು ಮತ್ತು ಕಣ್ಣು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಇದೇ ಪರಿಣಾಮವನ್ನು ಕಂಡದ್ದು ಬೆಣಚುಕಲ್ಲಿನ ಹರಳಿನಲ್ಲಿ!

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಡಳಿತ ಮಂಡಳಿಯೊಂದಿಗೆ ಜಟಾಪಟಿಯಾಗಿ 1937ರಲ್ಲಿ ಆ ಹುದ್ದೆ ಬಿಟ್ಟರು, ಪ್ರಾಧ್ಯಾಪಕರಾಗಿ ಉಳಿದರು. ಹುದ್ದೆ ಹೋದರೂ ಕೆಲಸ ನಿಲ್ಲಲಿಲ್ಲ. 1940ರಲ್ಲಿ ನೆಡುಂಗಾಡಿ ಎಂಬ ಶಿಷ್ಯರೊಂದಿಗೆ ಬೆಣಚುಕಲ್ಲಿನ ಹರಳನ್ನು ಕಾಯಿಸುತ್ತಾ ಅದರ ರೋಹಿತ ನೋಡಿದರು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಹರಳಿನ ಒಳಕಟ್ಟು ಬದಲಾಗುತ್ತದೆ. ಅದಕ್ಕೂ ಮೊದಲೇ ರೋಹಿತದ ಒಂದು ಗೆರೆ ಜರುಗುತ್ತಾ, ಮಸುಕಾಗುತ್ತಾ ಬರುವುದನ್ನು ಅವರು ಗುರುತಿಸಿದರು. ಕಲ್ಲು ರೂಪ ಬದಲಿಸುವ ಮುನ್ಸೂಚನೆಯನ್ನು ಬೆಳಕಿನಲ್ಲಿ ಓದಿದ ಕೆಲಸವದು.

ಅವರು ಎಡವಿದ್ದೂ ಉಂಟು. ವಜ್ರದ ಹುಚ್ಚು ಅವರಿಗೆ ವಿಪರೀತ, ನೂರಾರು ವಜ್ರ ಕೂಡಿಸಿದ್ದರು. ವಜ್ರದ ಮೇಲೆ ಎಕ್ಸ್ ಕಿರಣ ಹಾಯಿಸಿದಾಗ ಕಾಣುವ ಹೆಚ್ಚುವರಿ ಚುಕ್ಕೆಗಳ ಬಗ್ಗೆ ಹೊಸ ಸಿದ್ಧಾಂತ ಹೂಡಿದರು. ಇಂಗ್ಲೆಂಡಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಒಪ್ಪಲಿಲ್ಲ. ಹರಳುಗಳ ಕಂಪನದ ವಿಷಯದಲ್ಲಿ ಮ್ಯಾಕ್ಸ್ ಬಾರ್ನ್ ಅವರೊಂದಿಗೂ ವರ್ಷಗಟ್ಟಲೆ ವಾಗ್ವಾದ ನಡೆಯಿತು. ಕೊನೆಗೆ ವಿಜ್ಞಾನ ಲೋಕ ಒಪ್ಪಿದ್ದು ಎದುರಾಳಿಗಳ ಮಾತನ್ನು. 1967ರಲ್ಲಿ ಅಮೆರಿಕದ ಅರಿಜೋನಾದ ಉಲ್ಕಾಶಿಲೆಯಲ್ಲಿ, ಗ್ರಾಫೈಟ್ ಪೆಟ್ಟು ತಿಂದು ಆದ ವಜ್ರದಂಥ ಖನಿಜವೊಂದನ್ನು ಗುರುತಿಸಿದಾಗ ಅದಕ್ಕೆ ಇಟ್ಟ ಹೆಸರು ಲಾನ್ಸ್‌ಡೇಲೈಟ್. ಆಗ ರಾಮನ್‌ಗೆ ಎಪ್ಪತ್ತೆಂಟು ದಾಟಿತ್ತು.

ಅದೇ ಅರಿಜೋನಾದಲ್ಲಿ ಸುಮಾರು 1.2 ಕಿಲೋಮೀಟರ್ ಅಗಲದ ಕುಳಿಯೊಂದಿದೆ. ಅದು ಜ್ವಾಲಾಮುಖಿಯದೋ ಉಲ್ಕೆಯದೋ ಎಂಬ ಜಗಳ ಅರ್ಧ ಶತಮಾನಕ್ಕೂ ಹೆಚ್ಚು ನಡೆದಿತ್ತು. 1960ರಲ್ಲಿ ಚಾವೊ, ಶೂಮೇಕರ್ ಮತ್ತು ಮ್ಯಾಡ್ಸನ್ ಅಲ್ಲಿ ಕೋಸೈಟ್ ಕಂಡರು. 1962ರಲ್ಲಿ ಸ್ಟಿಶೋವೈಟ್ ಸಿಕ್ಕಿತು. ಜಗಳ ಮುಗಿಯಿತು. ಅವರು ಗುರುತು ಹಿಡಿದದ್ದು ಎಕ್ಸ್ ಕಿರಣದಿಂದ. 1960ರಲ್ಲೇ ಲೇಸರ್ ಬಂತು. ಬಿಸಿಲಿನ ಜಾಗದಲ್ಲಿ ಲೇಸರ್ ಕೂತ ಮೇಲೆ ರಾಮನ್ ವಿಧಾನಕ್ಕೆ ಹೊಸ ಜೀವ ಬಂದಂತಾಯಿತು. ಈಗ ಕಣವನ್ನು ಪುಡಿ ಮಾಡದೆಯೇ ಗುರುತಿಸಬಹುದು. ತರಂಗಸಂಖ್ಯೆಯ ಲೆಕ್ಕದಲ್ಲಿ ಬೆಣಚುಕಲ್ಲಿನ ಮುಖ್ಯ ಗೆರೆ 464ರ ಬಳಿ, ಕೋಸೈಟಿನದು 521ರ ಬಳಿ, ಸ್ಟಿಶೋವೈಟಿನದು 753ರ ಬಳಿ. ನಮ್ಮ ಪಕ್ಕದ ಮಹಾರಾಷ್ಟ್ರದ ಲೋಣಾರ್ ಕುಳಿಯ ಕಪ್ಪುಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್, ಉಲ್ಕೆಯ ಪೆಟ್ಟಿಗೆ ಮ್ಯಾಸ್ಕೆಲಿನೈಟ್ ಎಂಬ ಗಾಜಾಗಿದೆ. ಅದರ ರೋಹಿತದಲ್ಲಿ ಚೂಪು ಗೆರೆಗಳು ಅಳಿಸಿ ಅಗಲವಾದ ದಿಬ್ಬಗಳು ಕಾಣುತ್ತವೆ. 2021ರಲ್ಲಿ ಮಂಗಳಕ್ಕೆ ಇಳಿದ ಪರ್ಸಿವಿಯರೆನ್ಸ್ ರೋವರ್ ಕೂಡ ರಾಮನ್ ಉಪಕರಣ ಹೊತ್ತಿದೆ.

ಮೈಸೂರು ಸಂಸ್ಥಾನ 1934ರಲ್ಲಿ ಹೆಬ್ಬಾಳದ ಕಡೆ ಕೊಟ್ಟ ನೆಲದಲ್ಲಿ, ದೇಣಿಗೆ ಎತ್ತಿ ಕಟ್ಟಿದ ತಮ್ಮ ಸಂಶೋಧನಾ ಸಂಸ್ಥೆಗೆ ರಾಮನ್ 1948ರ ನಂತರ ಸೇರಿಕೊಂಡರು. ಅಲ್ಲಿ ಖನಿಜ, ರತ್ನ, ಚಿಪ್ಪು, ಚಿಟ್ಟೆಗಳ ಸಂಗ್ರಹಾಲಯ ಮಾಡಿದರು. 1970ರ ನವೆಂಬರ್ 21ರಂದು ಅಲ್ಲೇ ತೀರಿಕೊಂಡರು. ಅವರ ಇಚ್ಛೆಯಂತೆ ಅಂತ್ಯಕ್ರಿಯೆ ಆ ಆವರಣದಲ್ಲೇ ನಡೆಯಿತು. ಆ ಜಾಗದಲ್ಲಿ ಸಮಾಧಿ ಇಲ್ಲ, ಒಂದು ಮರವಿದೆ.

ಪದವಿ ಮುಗಿದ ಮೇಲೆ ಎಂ.ಎಸ್ಸಿ.ಗೆ ಸೇರಲೋ, ಎಫ್‌ಡಿಎ ಪರೀಕ್ಷೆಗೆ ಕೂರಲೋ ಎಂಬ ಗೊಂದಲದಲ್ಲಿ ನಾನಿದ್ದೆ. ಅಪ್ಪನಿಗೆ ಸರ್ಕಾರಿ ನೌಕರಿ ಬೇಕು, ಮನೆಗೂ ಅದು ಬೇಕು. ರಾಮನ್ ಜೀವನ ಈ ಗೊಂದಲವನ್ನು ಬಿಡಿಸಿಕೊಟ್ಟಿತು ಎಂದರೆ ಸುಳ್ಳಾಗುತ್ತದೆ. ನೌಕರಿಗೆ ಓದುವುದು ಎಂದರೆ ಕಲ್ಲನ್ನು ಕೈಬಿಡುವುದು ಎಂದುಕೊಂಡಿದ್ದೆ, ಆ ಭಯ ಮಾತ್ರ ಹೋಯಿತು. ಈಗ ಅರ್ಜಿ ಹಾಕಿದ್ದೇನೆ. ಸಂಜೆ ಎರಡು ಗಂಟೆ ಭೂವಿಜ್ಞಾನ ಓದುತ್ತೇನೆ. ಓದುವ ಮೇಜಿನ ಮೇಲೆ, ಸಾಮಾನ್ಯ ಜ್ಞಾನದ ಪುಸ್ತಕದ ಹಾಳೆ ಗಾಳಿಗೆ ಹಾರದಿರಲೆಂದು, ನಮ್ಮ ಹೊಲದ ಬೆಣಚುಕಲ್ಲೊಂದನ್ನು ಇಟ್ಟಿದ್ದೇನೆ.