ಇಂಟರಪ್ಟ್‌ಗೆ ಹೆದರಿದ ಪ್ರೋಗ್ರಾಮರ್

ಅಲ್ಗಾರಿದಮ್ಸ್ ಲ್ಯಾಬ್ ಮುಗಿಸಿದ ನಮಗೆಲ್ಲ ಡೈಕ್‌ಸ್ಟ್ರಾ ಗೊತ್ತು. ಒಂದು ಗ್ರಾಫು, ಒಂದು ಶಾರ್ಟೆಸ್ಟ್ ಪಾತ್, ವೈವಾದಲ್ಲಿ ಒಂದು ಪ್ರಶ್ನೆ, ಅಲ್ಲಿಗೆ ಮುಗೀತು. ನಮ್ಮಲ್ಲಿ ಅರ್ಧ ಜನ ಅವರ ಹೆಸರನ್ನು ಇನ್ನೂ ‘ಡಿಜ್‌ಕ್‌ಸ್ಟ್ರಾ’ ಅಂತಲೇ ಹೇಳ್ತೀವಿ. ಆದರೆ ಅವರು ನಿಜವಾಗಿ ನೆನಪಾಗಬೇಕಾದ ಜಾಗ ಬೇರೆ ಇದೆ. ನಾವು ಬರೆದ ಪುಟ್ಟ ಡಿವೈಸ್ ಡ್ರೈವರ್ ತೊಂಬತ್ತೊಂಬತ್ತು ಸಲ ಚೆನ್ನಾಗಿ ಓಡಿ, ನೂರನೇ ಸಲ ಇಡೀ ಮಷೀನನ್ನೇ ಮಲಗಿಸುತ್ತದಲ್ಲ, ಅಲ್ಲಿ.

ಹಾಗೇಕಾಗುತ್ತೆ? ಡ್ರೈವರ್ ಅನ್‌ಲೋಡ್ ಆಗುವಾಗ ನಾವು ಮೊದಲು ಬಫರಿನ ಮೆಮೊರಿಯನ್ನು ಫ್ರೀ ಮಾಡಿ, ಆಮೇಲೆ ಇಂಟರಪ್ಟ್ ಹ್ಯಾಂಡ್ಲರನ್ನು ತೆಗೆಯುತ್ತೇವೆ ಅಂತಿಟ್ಟುಕೊಳ್ಳಿ. ಆ ಎರಡು ಸಾಲುಗಳ ನಡುವೆ ಡಿವೈಸು ಒಂದು ಇಂಟರಪ್ಟ್ ಕಳಿಸಿದರೆ, ನಾವು ಈಗಾಗಲೇ ಬಿಟ್ಟುಕೊಟ್ಟ ಜಾಗಕ್ಕೆ ಹ್ಯಾಂಡ್ಲರ್ ಹೋಗಿ ಬರೆಯುತ್ತೆ. ಅಷ್ಟರಲ್ಲಿ ಆ ಜಾಗ ಕರ್ನಲ್‌ನ ಇನ್ಯಾವುದೋ ಭಾಗದ ಕೈಸೇರಿರಬಹುದು. ತಪ್ಪು ಮಾಡಿದ್ದು ನಾವು, ಬೀಳೋದು ಮತ್ಯಾರೋ. ಹುಡುಕೋಣ ಅಂತ ಒಂದು ಪ್ರಿಂಟ್ ಸಾಲು ಸೇರಿಸಿದರೆ ಟೈಮಿಂಗ್ ಬದಲಾಗಿ ಬಗ್ಗೇ ಮಾಯ! ಈ ಜಾತಿಯ ತೊಂದರೆಯನ್ನು ಎಲ್ಲರಿಗಿಂತ ಮೊದಲೇ ಕಂಡು ಹೆದರಿದವರಲ್ಲಿ ಡೈಕ್‌ಸ್ಟ್ರಾ ಒಬ್ಬರು.

ಎಡ್ಸ್‌ಗರ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ. ಅಪ್ಪ ರಸಾಯನಶಾಸ್ತ್ರಜ್ಞ, ಅಮ್ಮ ಗಣಿತ ಓದಿದವರು. ಲೈಡನ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗಲೇ, 1951ರಲ್ಲಿ, ಕೇಂಬ್ರಿಡ್ಜ್‌ಗೆ ಹೋಗಿ ಒಂದು ಪ್ರೋಗ್ರಾಮಿಂಗ್ ಕೋರ್ಸ್ ಮಾಡಿ ಬಂದರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಮ್ಯಾಥಮ್ಯಾಟಿಕಲ್ ಸೆಂಟರ್‌ನಲ್ಲಿ ಪ್ರೋಗ್ರಾಮರ್ ಕೆಲಸ. ಆ ಕಾಲಕ್ಕೆ ಅದೊಂದು ವೃತ್ತಿ ಅಂತ ಯಾರೂ ಒಪ್ಪುತ್ತಿರಲಿಲ್ಲ. 1957ರಲ್ಲಿ ಮದುವೆಯಾದಾಗ ಉದ್ಯೋಗದ ಜಾಗದಲ್ಲಿ ಪ್ರೋಗ್ರಾಮರ್ ಅಂತ ಬರೆಸಲು ಹೋದರೆ ನಗರದ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಅಂತ ಬರೆಸಬೇಕಾಯ್ತು.

ಸೆಂಟರ್‌ನಲ್ಲಿ ಹಾರ್ಡ್‌ವೇರ್ ಕಟ್ಟುತ್ತಿದ್ದವರು ಲೂಪ್‌ಸ್ಟ್ರಾ ಮತ್ತು ಸ್ಖೋಲ್ಟನ್ ಎಂಬ ಇಬ್ಬರು ಗೆಳೆಯರು. ಅವರು ಎಕ್ಸ್1 ಎಂಬ ಹೊಸ ಕಂಪ್ಯೂಟರಿಗೆ ಇಂಟರಪ್ಟ್ ಸೌಲಭ್ಯ ಹಾಕೋಣ ಅಂದರು. ಹಳೇ ಮಷೀನುಗಳಲ್ಲಿ ಪ್ರೊಸೆಸರ್ ತನ್ನ ಕೆಲಸ ಬಿಟ್ಟು ಪ್ರಿಂಟರಿಗಾಗಿ ಕಾಯುತ್ತಾ ಕೂರಬೇಕಿತ್ತು. ಇನ್ನು ಮುಂದೆ ಪ್ರಿಂಟರೇ ಕೆಲಸ ಮುಗಿಸಿ ಪ್ರೊಸೆಸರನ್ನು ಕರೆಯುತ್ತೆ. ಯಾರಾದರೂ ಖುಷಿ ಪಡಬೇಕಾದ ವಿಷಯ. ಡೈಕ್‌ಸ್ಟ್ರಾ ಹೆದರಿದರು. ಕಾರಣ ಸರಳ: ಯಾವುದೇ ಎರಡು ಇನ್‌ಸ್ಟ್ರಕ್ಷನ್‌ಗಳ ನಡುವೆ ಇಂಟರಪ್ಟ್ ಬರಬಹುದು. ಹಾಗಾದಾಗ ಪ್ರೋಗ್ರಾಮು ಎರಡು ಸಲ ಒಂದೇ ರೀತಿ ಓಡುತ್ತೆ ಅನ್ನೋ ಖಾತ್ರಿ ಹೋಯ್ತು. ಮತ್ತೆ ತೋರಿಸಲಾಗದ ತಪ್ಪನ್ನು ಟೆಸ್ಟ್ ಮಾಡಿ ಹಿಡಿಯೋದು ಹೇಗೆ? ಕೆಲವು ತಿಂಗಳು ಅವರು ಒಪ್ಪಲೇ ಇಲ್ಲ. ಕೊನೆಗೆ ಗೆಳೆಯರು ಪುಸಲಾಯಿಸಿ ಒಪ್ಪಿಸಿದರು. ಆದರೆ ಆ ಭಯವನ್ನು ಅವರು ಬಚ್ಚಿಡಲಿಲ್ಲ, ಅದರ ಮೇಲೇ ಕೆಲಸ ಮಾಡಿದರು. ಇಂಟರಪ್ಟ್ ಯಾವ ಗಳಿಗೆಯಲ್ಲಿ ಬಂದರೂ ಸರಿಯಿರುತ್ತೆ ಎಂದು ತರ್ಕದಿಂದಲೇ ಮನವರಿಕೆಯಾಗುವಂತೆ ಹ್ಯಾಂಡ್ಲರ್ ಬರೆದರು. 1959ರಲ್ಲಿ ಡಾಕ್ಟರೇಟ್ ಸಿಕ್ಕಿದ್ದು ಈ ಕೆಲಸಕ್ಕೇ. ಇವತ್ತಿನ ಮಾತಲ್ಲಿ ಹೇಳೋದಾದ್ರೆ, ಡ್ರೈವರ್ ಬರೆದು ಪಿಎಚ್‌ಡಿ ಪಡೆದರು!

1962ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದರು. ಅಲ್ಲಿ ಸಣ್ಣದೊಂದು ತಂಡ ಕಟ್ಟಿಕೊಂಡು ಎಕ್ಸ್8 ಕಂಪ್ಯೂಟರಿಗೆ ‘ಟಿಎಚ್‌ಇ’ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದರು. ಮುಖ್ಯ ಮೆಮೊರಿ ಬರೀ 32 ಸಾವಿರ ಪದ, ಹಿಂದೆ 512 ಸಾವಿರ ಪದಗಳ ಡ್ರಮ್. ಸಿಸ್ಟಮ್ಮನ್ನು ಮನೆ ಕಟ್ಟಿದ ಹಾಗೆ ಮಹಡಿ ಮಹಡಿಯಾಗಿ ಕಟ್ಟಿದರು. ಎಲ್ಲಕ್ಕಿಂತ ಕೆಳಗೆ ಪ್ರೊಸೆಸರ್ ಹಂಚಿಕೆ, ಅದರ ಮೇಲೆ ಮೆಮೊರಿ ನಿರ್ವಹಣೆ, ಆಮೇಲೆ ಆಪರೇಟರ್ ಕನ್ಸೋಲು, ಅದರ ಮೇಲೆ ಡಿವೈಸುಗಳ ಬಫರಿಂಗ್, ನಂತರ ಬಳಕೆದಾರರ ಪ್ರೋಗ್ರಾಮು. ಕೆಳಗಿನ ಮಹಡಿ ಗಟ್ಟಿ ಅಂತ ಖಚಿತವಾಗದೆ ಮೇಲಿನದನ್ನು ಸೇರಿಸುವ ಹಾಗಿಲ್ಲ. ಏಕಕಾಲಕ್ಕೆ ಓಡುವ ಪ್ರೋಗ್ರಾಮುಗಳು ಒಂದನ್ನೊಂದು ತುಳಿಯದಂತೆ ಸೆಮಾಫೋರ್ ತಂದರು. 1968ರ ಪ್ರಬಂಧದ ಪ್ರಕಾರ, ಟೆಸ್ಟಿಂಗ್‌ನಲ್ಲಿ ಸಿಕ್ಕಿದ್ದು ಚಿಲ್ಲರೆ ಕೋಡಿಂಗ್ ತಪ್ಪುಗಳು ಮಾತ್ರ.

1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಕಥೆ ಇಲ್ಲಿಗೆ ಮುಗಿದಿದ್ದರೆ ಇದು ನಮ್ಮಂಥವರಿಗೆ ಎಟುಕದ ದೊಡ್ಡ ಮನುಷ್ಯನ ಕಥೆಯಾಗುತ್ತಿತ್ತು. ಆದರೆ ಮುಂದೆ ನಡೆದದ್ದು ನಮಗೆ ಹೆಚ್ಚು ಬೇಕಾದದ್ದು.

ಎಪ್ಪತ್ತರ ದಶಕದಲ್ಲಿ ಡೈಕ್‌ಸ್ಟ್ರಾ ಮತ್ತು ಜೊತೆಗಾರರು ಗಾರ್ಬೇಜ್ ಕಲೆಕ್ಷನ್ ಸಮಸ್ಯೆ ಹಿಡಿದರು. ಒಂದು ಪ್ರೊಸೆಸರ್ ಪ್ರೋಗ್ರಾಮು ಓಡಿಸುತ್ತಿರುತ್ತೆ. ಇನ್ನೊಂದು ಅದೇ ಹೊತ್ತಿಗೆ ಯಾರಿಗೂ ಬೇಡದ ಮೆಮೊರಿಯನ್ನು ಗುಡಿಸುತ್ತಿರುತ್ತೆ. ಬಳಕೆಯಲ್ಲಿರುವುದನ್ನು ತಪ್ಪಿಯೂ ಗುಡಿಸಬಾರದು. ಅಲ್ಗಾರಿದಮ್ ಸಿದ್ಧವಾಯ್ತು, ಸರಿಯಿದೆ ಎಂಬ ವಾದವೂ ಸಿದ್ಧವಾಯ್ತು, ಪ್ರಬಂಧ ಪತ್ರಿಕೆಗೆ ಹೋಯ್ತು. ಆಮೇಲೆ ಯಾರೋ ಅದರಲ್ಲಿ ತಪ್ಪು ತೋರಿಸಿದರು. ಡೈಕ್‌ಸ್ಟ್ರಾ ಸಂಪಾದಕರಿಗೆ ಪತ್ರ ಬರೆದು ಪ್ರಬಂಧ ವಾಪಸ್ ತೆಗೆದುಕೊಂಡರು. ಸಹಲೇಖಕ ಲೆಸ್ಲಿ ಲ್ಯಾಂಪೋರ್ಟ್ ಹೆಜ್ಜೆ ಹೆಜ್ಜೆಯಾಗಿ ಸಾಧಿಸಲು ಕೂತಾಗ ಹದಿನೈದು ನಿಮಿಷದಲ್ಲಿ ಅದೇ ತಪ್ಪು ಕಣ್ಣಿಗೆ ಬಿತ್ತು. ಸಣ್ಣದಲ್ಲ, ಗಂಭೀರ ತಪ್ಪು. ಪರಿಹಾರ? ಎರಡು ಕ್ರಿಯೆಗಳ ಕ್ರಮ ಅದಲು ಬದಲು ಮಾಡೋದು. ಡೈಕ್‌ಸ್ಟ್ರಾ ಕಂಡುಕೊಂಡ ಪರಿಹಾರವೂ ಅದಲು ಬದಲೇ, ಬೇರೆ ಎರಡು ಕ್ರಿಯೆಗಳದ್ದು. ಅದು ಸ್ವಲ್ಪ ವೇಗದ್ದಾದ್ದರಿಂದ 1978ರಲ್ಲಿ ಅಚ್ಚಾಗಿದ್ದು ಅದೇ. ದಾರಿಯಲ್ಲಿ ಎಷ್ಟು ಸಲ ಎಡವಿದೆವು ಅನ್ನೋದನ್ನೂ ಆ ಪ್ರಬಂಧದಲ್ಲಿ ಮುಚ್ಚಿಡದೆ ಒಪ್ಪಿಕೊಂಡಿದ್ದಾರೆ.

ಗಮನಿಸಿದಿರಾ? ನಮ್ಮ ಡ್ರೈವರಿನ ತಪ್ಪೂ ಅದೇ: ಎರಡು ಸಾಲುಗಳ ಕ್ರಮ. ಮೊದಲು ಡಿವೈಸಿನ ಬಾಯಿ ಮುಚ್ಚಿಸಬೇಕು. ಆಮೇಲೆ ಹ್ಯಾಂಡ್ಲರ್ ತೆಗೆಯಬೇಕು. ಲಿನಕ್ಸ್‌ನಲ್ಲಿ ಅದನ್ನು ತೆಗೆಯುವ ಫಂಕ್ಷನ್, ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೂ ಕಾಯುತ್ತೆ. ಕೊನೆಗಷ್ಟೇ ಮೆಮೊರಿ ಫ್ರೀ. ‘ಕೇಸನ್’ನಂಥ ಸಾಧನ ಆನ್ ಮಾಡಿದರೆ ಫ್ರೀ ಆದ ಜಾಗ ಮುಟ್ಟಿದ್ದನ್ನು ಅದು ಹಿಡಿದುಕೊಡುತ್ತೆ, ಆದರೆ ಮುಟ್ಟಿದ ದಿನ ಮಾತ್ರ. ಮುಟ್ಟಲು ಸಾಧ್ಯವೇ ಇಲ್ಲ ಅಂತ ಹೇಳಬೇಕಾದವರು ನಾವೇ. ಈ ಬಫರ್ ಈಗ ಯಾರ ಕೈಲಿದೆ, ಇದನ್ನು ಇನ್ನೂ ಯಾರು ಮುಟ್ಟಬಹುದು, ಈ ಎರಡು ಸಾಲಿನ ನಡುವೆ ಇಂಟರಪ್ಟ್ ಬಂದರೆ ಏನಾಗುತ್ತೆ ಅಂತ ಪೇಪರ್ ಮೇಲೆ ಉತ್ತರ ಬರೆಯಬೇಕು.

ಡೈಕ್‌ಸ್ಟ್ರಾ ಬರೆದದ್ದೂ ಪೇಪರ್ ಮೇಲೆಯೇ. ಫೌಂಟನ್ ಪೆನ್ನು ಹಿಡಿದು, ‘ಇಡಬ್ಲ್ಯುಡಿ’ ಎಂಬ ತಮ್ಮ ಇನಿಷಿಯಲ್ಲಿನ ಜೊತೆ ನಂಬರು ಹಾಕಿ, 1300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬರೆದು ಗೆಳೆಯರಿಗೆ ಹಂಚಿದರು. 1984ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ಪಾಠ ಮಾಡಿ, 1999ರಲ್ಲಿ ನಿವೃತ್ತರಾಗಿ, ಕೊನೆಗೆ ತಮ್ಮೂರು ನ್ಯೂನನ್‌ಗೆ ಮರಳಿದರು. 2002ರ ಆಗಸ್ಟ್ 6ರಂದು ಅಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮುಂದಿನ ಸಲ ಡ್ರೈವರ್ ಒಂದೇ ಏಟಿಗೆ ಓಡಿದಾಗ ನಾವು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವ ಮೊದಲು ಸ್ವಲ್ಪ ಹೆದರೋಣ. ಆ ಹೆದರಿಕೆಯಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.