ಸೈಕ್ಲೋನಿಗೆ ಹೆಸರಿಟ್ಟವನು

ಬಂಗಾಳ ಕೊಲ್ಲಿಯಲ್ಲಿ ಬಿರುಗಾಳಿ ಎದ್ದಾಗಲೆಲ್ಲ ಸೈಕ್ಲೋನ್ ಅನ್ನುತ್ತೇವಲ್ಲ, ಆ ಶಬ್ದ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಹುಟ್ಟಿಸಿದವನು ಹೆನ್ರಿ ಪಿಡಿಂಗ್ಟನ್ ಎಂಬ ಇಂಗ್ಲಿಷ್ ಹಡಗಿನ ಕಪ್ತಾನ.

ಹಡಗು ಬಿಟ್ಟು ಕಲ್ಕತ್ತೆಯಲ್ಲಿ ನೆಲೆಸಿದ ಮೇಲೂ ಅವನ ಮನಸ್ಸೆಲ್ಲ ಕಡಲ ಮೇಲೇ. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ಲಾಗ್‌ಬುಕ್ಕುಗಳನ್ನು ಕೇಳಿ ತರಿಸಿಕೊಂಡ. ಯಾವ ಹೊತ್ತಿಗೆ, ಎಲ್ಲಿ, ಯಾವ ದಿಕ್ಕಿನ ಗಾಳಿ ಅಂತ ನಕ್ಷೆಯಲ್ಲಿ ಗುರುತಿಸುತ್ತ ಹೋದ. ಹಾವು ಸುರುಳಿ ಸುತ್ತಿದ ಹಾಗೆ ಗಾಳಿ ಒಂದು ನಡುವಿನ ಸುತ್ತ ತಿರುಗುತ್ತಿತ್ತು. ಹಾವಿನ ಸುರುಳಿಯನ್ನೇ ನೆನೆದು ಗ್ರೀಕಿನಿಂದ ಹೆಸರು ತೆಗೆದ.

1848ರಲ್ಲಿ ನಾವಿಕರಿಗೊಂದು ಕೈಪಿಡಿ ಬರೆದ. ಜತೆಗೆ ಕೊಂಬಿನ ಪಾರದರ್ಶಕ ಹಾಳೆ ಕೊಟ್ಟ; ನಕ್ಷೆಯ ಮೇಲಿಟ್ಟು ಗಾಳಿಯ ದಿಕ್ಕು ಹೊಂದಿಸಿದರೆ ಬಿರುಗಾಳಿಯ ನಡು ಎತ್ತ ಇದೆಯೆಂದು ತಿಳಿಯುತ್ತಿತ್ತು.

ಆಮೇಲೆ ಕಲ್ಕತ್ತೆಯ ಕೆಳಗೆ, ಸುಂದರಬನದ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟುವ ಮಾತೆದ್ದಿತು. ಸೈಕ್ಲೋನ್ ಬಂದರೆ ಗಾಳಿಯ ಜತೆ ಕಡಲ ನೀರೂ ಗೋಡೆಯಂತೆ ಏರಿಬರುತ್ತದೆ, ಅಲ್ಲಿ ಬೇಡ ಎಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದ. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ.

1858ರಲ್ಲಿ ಅವನು ತೀರಿಕೊಂಡ. ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು. 1867ರ ನವೆಂಬರಿನ ಸೈಕ್ಲೋನು ಅದನ್ನು ಹಾಳುಗೆಡವಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಟ್ಟರು. ಅವನಿಟ್ಟ ಹೆಸರನ್ನು ಮಾತ್ರ ಲೋಕ ಬಿಡಲಿಲ್ಲ.